ಸುಣ್ಣವಿಲ್ಲದ ಕವಳ

ಹೋದ ವಾರ ಗೆಳೆಯನ ಬೈಕಿನ ಹಿಂದೆ ಕೂತು ಮಂಜಗುಣಿಗೆ ಹೋಗಿದ್ದೆ. ಹೊಳೆಯ ದಂಡೆಯಲ್ಲಿ ಯಾರೋ ಬಳಚಿನ ಚಿಪ್ಪು ಸುಟ್ಟು, ಆ ಬಿಳಿ ರಾಶಿಯ ಮೇಲೆ ನೀರು ಹೊಯ್ಯುತ್ತಿದ್ದರು. ರಾಶಿ ಬುಸ್ಸೆಂದಿತು, ಬಿಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಹಬ್ಬವೋ ಹೊಸ ಗೋಡೆಯೋ ನೆನಪಾಗಬಹುದು. ನನಗೆ ನೆನಪಾಗುವುದು ನಾನು ವಿಜ್ಞಾನಿಯಾಗಿದ್ದ ಮಳೆಗಾಲ. ಜೂನ್ ತಿಂಗಳಲ್ಲಿ ಮನೆಯವರೆಲ್ಲ ಸೇರಿ ನನ್ನನ್ನು ಆ ಹುದ್ದೆಗೆ ನೇಮಿಸಿದ್ದರು. ಆಗಸ್ಟ್ ಮುಗಿಯುವ ಮೊದಲೇ ವಜಾ ಮಾಡಿದರು.

ಅದು ಎರಡು ಸಾವಿರದ ಆರನೆಯ ಇಸವಿ. ನಾನು ಅಂಕೋಲೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಸಾಯನಶಾಸ್ತ್ರದಲ್ಲಿ ಪಾಸಾಗಿದ್ದೆ; ಹೇಗೆ ಪಾಸಾದೆ ಎಂಬುದು ನನಗೂ ಬಗೆಹರಿದಿಲ್ಲ, ನನ್ನ ಮೇಷ್ಟರಿಗೂ ಬಗೆಹರಿದಿಲ್ಲ. ಆದರೆ ಭಾವಿಕೇರಿಯ ನಮ್ಮ ಮನೆಯಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಅಪ್ಪನಿಗೆ ಗದ್ದೆ, ಆಯಿಗೆ ಮನೆ, ಅಜ್ಜಿಗೆ ಎಲೆ ಅಡಿಕೆ ಸುಣ್ಣದ ಕವಳದ ಸಂಚಿ. ಅಣ್ಣ ಸುರೇಶ ಐ.ಟಿ.ಐ. ಮುಗಿಸಿ ಕೈಗಾದಲ್ಲಿ ಕೆಲಸಕ್ಕಿದ್ದ. ಮಲ್ಲಾಪುರದಲ್ಲಿ ರೂಮು ಮಾಡಿಕೊಂಡು, ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ ಬಂದು, ಶನಿವಾರ ಸಂಜೆ ಊರಿಗೆ ಬರುತ್ತಿದ್ದ. ಆ ಬೇಸಿಗೆಯಲ್ಲೇ ಅವನಿಗೆ ಕಾರವಾರದಲ್ಲಿ ಹುಡುಗಿ ನೋಡಿಯಾಗಿತ್ತು. ವೀಣಾ ಎಂದು ಹೆಸರು, ಒಂದು ಬ್ಯಾಂಕಿನಲ್ಲಿ ಕೆಲಸ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ನಮ್ಮಣ್ಣನಿಗೆ ಎಷ್ಟು ಒಪ್ಪಿಗೆಯಾಗಿತ್ತೆಂದರೆ, ಮೊಬೈಲಿಗೆ ಸಿಗ್ನಲ್ ಸಿಗುವುದು ಮನೆಯ ಹಿಂದಿನ ಗೊಬ್ಬರಗುಂಡಿಯ ಹತ್ತಿರ ಮಾತ್ರ ಎಂದು ಗೊತ್ತಾದ ಮೇಲೆ ಶನಿವಾರದ ಸಂಜೆಗಳನ್ನು ಅಲ್ಲೇ ಕಳೆಯುತ್ತಿದ್ದ. ಶ್ರಾವಣದಲ್ಲಿ ಹುಡುಗಿ ಕಡೆಯವರು ನಮ್ಮ ಮನೆಗೆ ಬಂದು, ಮನೆ ನೋಡಿ, ಕವಳ ತೆಗೆದುಕೊಂಡರೆ ನಿಶ್ಚಯ. ದೀಪಾವಳಿ ಕಳೆದ ಮೇಲೆ ಮದುವೆ.

ಮಳೆ ಹಿಡಿದ ವಾರವೇ ಕೈಗಾದಲ್ಲಿ ನೌಕರರ ಆರೋಗ್ಯ ತಪಾಸಣೆಯಾಯಿತು. ಅಣ್ಣನ ಇ.ಸಿ.ಜಿ. ನೋಡಿದವರು, ಒಮ್ಮೆ ಮಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ಮೆಟ್ಟಿಲು ಹತ್ತುವಾಗ ಕಣ್ಣು ಮಂಜಾಗುತ್ತದೆ ಎಂದು ಅವನು ಎರಡು ಸಲ ಹೇಳಿದ್ದ. ಅದು ಪ್ರೀತಿಯ ಲಕ್ಷಣ ಎಂದು ನಾನು ಭರವಸೆ ಕೊಟ್ಟಿದ್ದೆ. ಮಂಗಳೂರಿಗೆ ಜೊತೆಗೆ ನನ್ನನ್ನೇ ಕಳಿಸಿದರು. ಡಾಕ್ಟರು ಹೇಳಿದ್ದು ತಿಳಿಯಬೇಕಲ್ಲ, ವಿಜ್ಞಾನ ಓದಿದವನು ಇರಲಿ ಎಂದು.

ಅಲ್ಲಿ ಎದೆಗೆ ತಣ್ಣಗಿನ ಅಂಟು ಹಚ್ಚಿ ಎಕೋ ಮಾಡಿದರು. ಡಾಕ್ಟರು ಸಮಾಧಾನದ ಮನುಷ್ಯ. "ನಿಮ್ಮಣ್ಣನ ಹೃದಯದ ಗೋಡೆ ದಪ್ಪವಾಗಿದೆ. ಇದು ವಂಶದಲ್ಲಿ ಬರುವಂಥದ್ದು. ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿಗೆ ತೀರಿಹೋಗಿದ್ದರಾ?" ಎಂದು ಕೇಳಿದರು. ನಮ್ಮ ಚಿಕ್ಕಪ್ಪ ವಾಲಿಬಾಲ್ ಆಡುತ್ತ ಬಿದ್ದವರು ಏಳಲೇ ಇಲ್ಲ. ನಾನು ಅವರನ್ನು ಗೋಡೆಯ ಫೋಟೋದಲ್ಲಿ ಮಾತ್ರ ನೋಡಿದ್ದು. ಅದನ್ನು ಹೇಳಿದೆವು. ಡಾಕ್ಟರು ತಲೆದೂಗಿ, "ಸ್ನಾಯುವಿನ ಒಳಗೆ ಕ್ಯಾಲ್ಸಿಯಂ ಬಂದಾಗ ಹೃದಯ ಹಿಂಡುತ್ತದೆ, ಕ್ಯಾಲ್ಸಿಯಂ ಸರಿದಾಗ ಸಡಿಲವಾಗುತ್ತದೆ. ಇವರ ಸ್ನಾಯು ಆ ಕ್ಯಾಲ್ಸಿಯಂಗೆ ಬಹಳ ಸೂಕ್ಷ್ಮ" ಎಂದು ಇನ್ನೂ ಎಷ್ಟೋ ಹೇಳಿದರು. ಗುಳಿಗೆಯ ಬಗ್ಗೆ, ಓಡಬಾರದು ಭಾರ ಎತ್ತಬಾರದು ಎಂಬುದರ ಬಗ್ಗೆ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳುವುದರ ಬಗ್ಗೆ. ಅಣ್ಣ ಅದನ್ನೆಲ್ಲ ಕೇಳಿಸಿಕೊಂಡ. ನಾನು ಕ್ಯಾಲ್ಸಿಯಂ ಹತ್ತಿರವೇ ನಿಂತುಬಿಟ್ಟಿದ್ದೆ. ಪರ ಊರಿನ ಸಂತೆಯಲ್ಲಿ ನಮ್ಮೂರಿನವನೊಬ್ಬ ಸಿಕ್ಕ ಹಾಗೆ, ಅಷ್ಟು ಮಾತುಗಳ ನಡುವೆ ನನಗೆ ಗುರುತಿದ್ದ ಶಬ್ದ ಅದೊಂದೇ.

ಮನೆಗೆ ಬಂದವನೇ ಜಗುಲಿಯಲ್ಲಿ ನಿಂತು ಭಾಷಣ ಮಾಡಿದೆ. "ಹೃದಯಕ್ಕೆ ಕ್ಯಾಲ್ಸಿಯಂ ಜಾಸ್ತಿ ತಾಗ್ತದೆ. ಅದೇ ಕಾಯಿಲೆ."

"ಕ್ಯಾಲ್ಸಿಯಂ ಅಂದ್ರೆ ಎಂತದಾ ತಮಾ?" ಎಂದಳು ಆಯಿ.

"ಸುಣ್ಣ."

ಇಷ್ಟು ಗಂಭೀರವಾಗಿ ನಾನು ಜೀವಮಾನದಲ್ಲಿ ಬೇರೆ ಯಾವ ಶಬ್ದವನ್ನೂ ಉಚ್ಚರಿಸಿಲ್ಲ. ಗುಳಿಗೆ ತಿಂದರೆ ಸಾಕು ಎಂದಿದ್ದಾರೆ ಎಂದು ಅಣ್ಣ ಗೊಣಗಿದ. ಅವನ ಐ.ಟಿ.ಐ. ನನ್ನ ಬಿ.ಎಸ್ಸಿ. ಮುಂದೆ ನಡೆಯಲಿಲ್ಲ.

ಮರುದಿನದಿಂದ ಮನೆಯಲ್ಲಿ ಸುಣ್ಣದ ಮೇಲೆ ಯುದ್ಧ ಶುರುವಾಯಿತು. ಹಾಲು ನಿಂತಿತು, ಎಲ್ಲರಿಗೂ ಕರಿ ಚಾ. ಬಳಚು ಬಂದ್, ಯಾಕೆಂದರೆ ಚಿಪ್ಪಿನ ಒಳಗೇ ಇರುವಂಥದ್ದು. ಮುಳ್ಳಿರುವ ಸಣ್ಣ ಮೀನು ಬಂದ್. ಒಣ ಶೆಟ್ಲಿಯ, ಅಂದರೆ ಒಣಗಿಸಿದ ಸಿಗಡಿಯ ವಿಷಯದಲ್ಲಿ ಆಯಿ ತುಂಬ ವಾದ ಮಾಡಿದಳು, ಅದಕ್ಕೆ ಮುಳ್ಳೇ ಇಲ್ಲವೆಂದು. ಸಿಪ್ಪೆ ಇದೆ ಎಂದು ನಾನು ತೀರ್ಪು ಕೊಟ್ಟೆ. ಮಳೆಗಾಲದಲ್ಲಿ ನಮ್ಮ ಕಡೆ ಒಣ ಮೀನು ಬಿಟ್ಟರೆ ಊಟಕ್ಕೆ ಉಳಿಯುವುದು ಅನ್ನ ಮತ್ತು ನಿಟ್ಟುಸಿರು. ಎರಡನೇ ವಾರದಲ್ಲಿ ನಾಯಿ ಕೂಡ ಪಕ್ಕದ ಮನೆಗೆ ವಾಸ ಬದಲಾಯಿಸಿತು. ಹುಡುಗಿ ಕಡೆಯವರು ಬರುತ್ತಾರೆಂದು ಅಪ್ಪ ಗೋಡೆಗೆ ಬಳಿಯಲು ಸುಣ್ಣ ತಂದಿದ್ದರು. "ಗೋಡೆದು ಉದುರಿ ಎದೆಗೆ ಹೋಗ್ತದೇನಾ?" ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎನ್ನುವುದು ವಿಜ್ಞಾನಿಗೆ ಶೋಭೆಯಲ್ಲ. "ಹೇಳುಕೆ ಬರುದಿಲ್ಲ, ಸಂಶೋಧನೆ ನಡೀತಾ ಅದೆ" ಎಂದೆ. ಆ ಸುಣ್ಣ ತೆಂಗಿನ ಬುಡಕ್ಕೆ ಹೋಯಿತು. ಗೋಡೆ ಹಾಗೇ ಪಾಚಿಗಟ್ಟಿ ನಿಂತಿತು.

ಎಲ್ಲರಿಗಿಂತ ದೊಡ್ಡ ತ್ಯಾಗ ಅಜ್ಜಿಯದು. ಅಜ್ಜಿ ಬಾಯಲ್ಲಿ ಕವಳ ಇಲ್ಲದೇ ಇದ್ದದ್ದನ್ನು ನಾನು ನೋಡಿದ್ದು ನಿದ್ದೆಯಲ್ಲಿ ಮಾತ್ರ. ಸುಣ್ಣದ ಡಬ್ಬಿಯನ್ನು ತಾನೇ ತಂದು ನನ್ನ ಕೈಯಲ್ಲಿಟ್ಟು, "ಇದ್ನ ಹೊಳೆಗೆ ಒಗದು ಬಾ" ಎಂದಳು. ನಿನ್ನ ಸುಣ್ಣ ಅಣ್ಣನ ಎದೆಗೆ ಹೇಗೆ ಹೋಗುತ್ತದೆ ಎಂದು ನಾನೇ ಮೆತ್ತಗಾಗಿ ಕೇಳಿದೆ. "ಅಂವನ ತಲೆ ಸವರ್ತೆ, ಅಂವಂಗೆ ಬಡಿಸ್ತೆ. ಬೆರಳಲ್ಲಿ ಇರ್ತದಲ್ಲ" ಎಂದಳು. ಅಂದಿನಿಂದ ಬರೀ ಎಲೆ ಅಡಿಕೆ ಅಗಿಯತೊಡಗಿದಳು. ತುಟಿ ಕೆಂಪಾಗುವುದು ನಿಂತಿತು. "ಈಗ ನಂಗೂ ಎಮ್ಮೆಗೂ ಎಂತಾ ಫರಕು" ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ಮತ್ತೆ ಆ ಮಾತೆತ್ತಲಿಲ್ಲ. ವಾಲಿಬಾಲ್ ಆಡಿ ಬಿದ್ದ ಚಿಕ್ಕಪ್ಪ ಅವಳ ಕಿರಿ ಮಗ.

ಈ ನಡುವೆ ನಮ್ಮ ಹಮ್ಮಣ್ಣ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ಊರಿನ ಯಾವ ಸಂಬಂಧವೂ ಅವರ ಕೈ ದಾಟದೇ ಕೂಡುವುದಿಲ್ಲ. ವಿಷಯ ಕೇಳಿ ಮೊದಲು ಬಾಗಿಲು ಹಾಕಿಸಿದರು.

"ಹುಡ್ಗಿ ಕಡೆಯವ್ರಿಗೆ ಈಗ ಹೇಳುದು ಬ್ಯಾಡ. ನಿಶ್ಚಯ ಆಗ್ಲಿ. ಮದಿ ಆಗ್ಲಿ. ಆಮೇಲೆ ನಿಧಾನಕ್ಕೆ ನೋಡುವ."

"ಮದಿ ಆದ್ಮೇಲೆ ಹೇಳಿದ್ರೆ ಅದು ಹೇಳುದಲ್ಲ ದೊಡ್ಡಪ್ಪ, ಮೋಸ" ಎಂದ ಅಣ್ಣ.

"ವಂಶದ್ದು ಅಂತ ಗೊತ್ತಾದ್ರೆ ನಿಂದೊಂದೇ ಅಲ್ಲ, ಈ ಮಂಗನ ಮದಿನೂ ನಿಲ್ತದೆ" ಎಂದು ದೊಡ್ಡಪ್ಪ ನನ್ನ ಕಡೆ ಕೈ ಮಾಡಿದರು. ನನ್ನ ಮದುವೆಗೆ ನನ್ನ ಹೃದಯಕ್ಕಿಂತ ದೊಡ್ಡ ಅಡ್ಡಿಗಳು ಇದ್ದವು. ಆದರೂ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದಕ್ಕೆ ಹೆಮ್ಮೆಯಾಯಿತು. ಅಣ್ಣ ಒಪ್ಪಲಿಲ್ಲ. ಗೊಬ್ಬರಗುಂಡಿಯ ಹತ್ತಿರ ನಿಂತು ಮೂರು ಸಲ ಫೋನ್ ಹಚ್ಚಿದ. ಮೂರು ಸಲವೂ ಮಳೆಯ ಬಗ್ಗೆ ಮಾತಾಡಿ ಇಟ್ಟ. ಅವಳನ್ನು ಕಳೆದುಕೊಳ್ಳಬೇಕಾಗುತ್ತದೆ ಎಂಬ ಹೆದರಿಕೆ ಅವನಿಗೆ. ನಿಶ್ಚಯದ ದಿನ ಅವರಪ್ಪನ ಎದುರು ತಾನೇ ಹೇಳುತ್ತೇನೆ ಎಂದು ಕೊನೆಗೆ ಗಟ್ಟಿ ಮಾಡಿಕೊಂಡ.

ಆ ದಿನ ಕಾರವಾರದಿಂದ ಜೀಪಿನಲ್ಲಿ ಬಂದರು. ವೀಣಾಳ ಅಪ್ಪ ಮಿತಭಾಷಿ. ಅವರ ಪಾಲಿನ ಮಾತನ್ನೂ ಸೇರಿಸಿ ಆಡಲು ಅವಳ ಸೋದರಮಾವ ವಿಠೋಬ ಬಂದಿದ್ದರು. ಸಾರಿಗೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕವಳ ಹಾಕುವ ವಿದ್ಯೆಯಲ್ಲಿ ಮಾತ್ರ ಇನ್ನೂ ಸೇವೆಯಲ್ಲಿದ್ದರು. ಪಾಚಿ ಗೋಡೆಯನ್ನು ಒಮ್ಮೆ ನೋಡಿದರು, ಹಾಲಿಲ್ಲದ ಚಾ ಒಮ್ಮೆ ನೋಡಿದರು. ಎಲ್ಲ ಸುಸೂತ್ರವಾಗಿ ನಡೆದು ಅಪ್ಪ ಕವಳದ ಹರಿವಾಣ ತಂದು ಮುಂದಿಟ್ಟರು. ವಿಠೋಬ ಮಾವ ಎಲೆ ಆರಿಸಿ, ತುದಿ ಚಿವುಟಿ, ಪಂಚೆಗೆ ಒರೆಸಿ, ಬೆನ್ನು ಮೇಲೆ ಮಾಡಿ ಅಂಗೈಯಲ್ಲಿ ಇಟ್ಟುಕೊಂಡು ತೋರುಬೆರಳು ಚಾಚಿದರು. ಆ ಬೆರಳು ಹರಿವಾಣಕ್ಕೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿತು.

"ಸುಣ್ಣ ಎಲ್ಲದೆ?"

ಅಪ್ಪ ನನ್ನನ್ನು ನೋಡಿದರು. ದೊಡ್ಡಪ್ಪ ಮಾಡಿನ ಜಂತಿ ಎಣಿಸತೊಡಗಿದರು.

"ಇಲ್ಲ" ಎಂದರು ಅಪ್ಪ.

"ಮುಗದು ಹೋಯ್ತಾ? ಅಕ್ಕಪಕ್ಕದಲ್ಲಿ ಕೇಳ್ಬಹುದಲ್ಲ."

"ಈಗಿನವ್ರು ಸುಣ್ಣ ಹಾಕುದಿಲ್ಲ ಮಾವ" ಎಂದು ನಾನು ಮನೆತನದ ಮಾನ ಕಾಯಲು ನುಗ್ಗಿದೆ. "ಹಲ್ಲಿಗೆ ಒಳ್ಳೇದಲ್ಲ. ಪೇಟೆ ಬದಿ ಎಲ್ಲ ಬಿಟ್ಟೇಬಿಟ್ರು."

"ನಾ ಪೇಟೆಯಿಂದ್ಲೇ ಬಂದಂವ" ಎಂದರು ಮಾವ. ಆಮೇಲೆ ಭಾವನ ಕಡೆ ತಿರುಗಿ ಕೊಂಕಣಿಯಲ್ಲಿ, "ಹೆಂ ಕಿತೆಂ?" ಎಂದರು. ಇದೆಂಥದು ಎಂದು ಕೇಳಿದ್ದು ನಮಗೂ ತಿಳಿಯಿತು. ಎಲೆಯನ್ನು ಮೆತ್ತಗೆ ಹರಿವಾಣದಲ್ಲಿ ವಾಪಸ್ಸು ಇಟ್ಟರು. "ಎಲೆ ಅಡಿಕೆ ಇಟ್ಟು ಸುಣ್ಣ ಇಡದೇ ಇರುದು ಅಂದ್ರೆ ಎದ್ದು ಹೋಗಿ ಅಂದ ಹಾಗೆ. ಸಂಬಂಧ ಬ್ಯಾಡದೇ ಇದ್ರೆ ಬಾಯಲ್ಲೇ ಹೇಳ್ಬಹುದಾಗಿತ್ತು. ಇಷ್ಟು ಮಳೇಲಿ ನಮ್ಮನ್ನ ಕರಸುದು ಎಂತಕ್ಕೆ?"

ಅವರು ಎದ್ದೇಬಿಟ್ಟರು. ಅಣ್ಣ ಬಾಯಿ ತೆರೆದ. ಅವನಿಗಿಂತ ಮೊದಲು ಒಳಬಾಗಿಲಿನಿಂದ ಅಜ್ಜಿಯ ಧ್ವನಿ ಬಂತು.

"ಕೂತ್ಕಳಿ. ಸಂಬಂಧ ಬ್ಯಾಡ ಅಂತ ಅಲ್ಲ. ನಮ್ಮ ಸುರೇಶಂಗೆ ಎದೆ ಕಾಯಿಲೆ ಅದೆ. ಸುಣ್ಣ ಆಗುದಿಲ್ಲ ಅಂದ್ರು. ನನ್ನ ಕಿರೇ ಮಗ ಆಡ್ತಾ ಆಡ್ತಾ ಬಿದ್ದು ಹೋದ, ಅದೂ ಇದೇ ಅಂತೆ. ಇಂವನೊಬ್ಬ ಉಳೀಲಿ ಅಂದ್ಕಂಡು ಮನೇಲಿ ಸುಣ್ಣನೇ ಬಿಟ್ಟಿದ್ದು."

 ಅಣ್ಣ ವೀಣಾಳ ಅಪ್ಪನ ಎದುರು ಬಂದು ನಿಂತ. "ಅಜ್ಜಿ ಹೇಳಿದ್ದು ಖರೆ. ನಾನೇ ಮೊದ್ಲು ಹೇಳ್ಬೇಕಾಗಿತ್ತು."

"ಹೌದು, ಹೇಳ್ಬೇಕಾಗಿತ್ತು" ಎಂದರು ಅವರು. ಅಷ್ಟು ಹೊತ್ತಿನಲ್ಲಿ ಅವರು ಆಡಿದ ಮಾತು ಅದೊಂದೇ. ಜೀಪು ಹೋಯಿತು. ಎಲೆಗಳು ಹರಿವಾಣದಲ್ಲೇ ಉಳಿದವು. ದೊಡ್ಡಪ್ಪ ನನ್ನನ್ನು ಕರೆದ ಹೆಸರುಗಳನ್ನು ಇಲ್ಲಿ ಬರೆದರೆ ಅಚ್ಚು ಮಾಡುವವರು ಒಪ್ಪಲಿಕ್ಕಿಲ್ಲ. ನಾನು ವಿಜ್ಞಾನಕ್ಕೆ ರಾಜೀನಾಮೆ ಕೊಡಲು ಸಿದ್ಧನಾದೆ. ಕೊಡುವ ಮೊದಲೇ ಅಂಗೀಕರಿಸಿದ್ದರು.

ಮುಂದಿನ ಶನಿವಾರ ಅಣ್ಣ ಗೊಬ್ಬರಗುಂಡಿಯ ಕಡೆ ಹೋಗಲಿಲ್ಲ. ಜಗುಲಿಯ ಮೇಲೆ ಕೂತು ಕೊಡೆಯ ಕಡ್ಡಿ ಸರಿಮಾಡುತ್ತಿದ್ದ. ಅದು ಸರಿಯಾಗಿಯೇ ಇತ್ತು. ಸಂಜೆ ಪಕ್ಕದ ಮನೆಯ ಫೋನಿಗೆ ಕರೆ ಬಂತು. ವೀಣಾ. ಅಣ್ಣ ಓಡಲು ಹೊರಟವನು ನೆನಪಾಗಿ ನಡೆದು ಹೋದ. ಬಂದವನ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ.

"ಡಾಕ್ಟರ ಹತ್ರ ಅವ್ಳೇ ಮಾತಾಡ್ತಾಳಂತೆ. ನಿಮ್ಮನೆಯವ್ರು ಹೇಳುದೂ ಬ್ಯಾಡ, ನಮ್ಮ ಮಾವ ಹೇಳುದೂ ಬ್ಯಾಡ, ಕೇಳ್ಕಂಡು ಆಮೇಲೆ ಹೌದೋ ಅಲ್ವೋ ಹೇಳ್ತೆ ಅಂದ್ಳು."

ಹಾಗೆ ಮತ್ತೆ ಮಂಗಳೂರು. ಹುಡುಗಿಯ ಕಾವಲಿಗೆ ವಿಠೋಬ ಮಾವ, ಹುಡುಗನ ಕಾವಲಿಗೆ ನಾನು. ಹಿಂದಿನ ದಿನವೇ ಹೋಗಿ ಮಾವನ ಗುರ್ತಿನವರ ಮನೆಯಲ್ಲಿ ಉಳಿದೆವು. ಬಸ್ಸಿನ ಉದ್ದಕ್ಕೂ ಮಾವ ನನ್ನ ಎದುರು ಎಲೆ ಬಿಡಿಸಿ, ಧಾರಾಳವಾಗಿ ಸುಣ್ಣ ಬಳಿದು, "ನಿಮ್ಮ ಅಪ್ಪಣೆ ಅದೆಯೋ ಸಾಹೇಬ್ರೆ?" ಎಂದು ಕೇಳಿ ಬಾಯಿಗೆ ಹಾಕುತ್ತಿದ್ದರು. ವೀಣಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೊನ್ನಾವರದ ಸೇತುವೆ ಬಂದಾಗ ಅವಳ ಭುಜ ಅಲುಗಿದ್ದು ಕಂಡು ಅಳುತ್ತಿದ್ದಾಳೆ ಎಂದುಕೊಂಡೆ. ನಗು ತಡೆಯುತ್ತಿದ್ದಳು.

ಡಾಕ್ಟರ ಎದುರು ಮಾವ ಮೊದಲು ದಾವೆ ಹೂಡಿದ್ದು ಸುಣ್ಣದ ಬಗ್ಗೆ. ಪೂರ್ತಿ ಕಥೆ ಕೇಳಿ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಈ ಸಂಶೋಧನೆ ಮಾಡಿದ್ದು ಯಾರು?"

ಮೂವರೂ ನನ್ನ ಕಡೆ ತಿರುಗಿದರು.

"ತಿಂದ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲಪ್ಪ. ರಕ್ತದಲ್ಲಿ ಎಷ್ಟು ಕ್ಯಾಲ್ಸಿಯಂ ಇರಬೇಕೆಂದು ದೇಹವೇ ನೋಡಿಕೊಳ್ಳುತ್ತದೆ. ನೀವು ಸಮುದ್ರದಲ್ಲಿ ಮೀನಿಗೆ ಬೀಸಿದ ರಂಪಣಿ ಬಲೆ ಎಳೆಯುವುದು ನೋಡಿದ್ದೀರಲ್ಲ? ದಂಡೆಯಲ್ಲಿ ಸಾಲಾಗಿ ನಿಂತು ಹಗ್ಗ ಹಿಡಿದಿರುತ್ತಾರೆ. ಒಬ್ಬ ಕೂಗು ಹಾಕಿದಾಗ ಎಲ್ಲರೂ ಎಳೆಯಬೇಕು, ಕೂಗು ನಿಂತಾಗ ಸಡಿಲ ಬಿಡಬೇಕು. ಹೃದಯದಲ್ಲಿ ಕೂಗು ಹಾಕುವುದು ಕ್ಯಾಲ್ಸಿಯಂ. ಇವರ ಎದೆಯಲ್ಲಿ ಕೂಗು ಸರಿಯಾಗಿಯೇ ಇದೆ. ಹಗ್ಗ ಹಿಡಿದವರ ಕಿವಿ ಅತಿ ಚುರುಕು. ಪಿಸುಗುಟ್ಟಿದರೂ ಮೈಯೆಲ್ಲ ಬಲ ಹಾಕಿ ಎಳೆಯುತ್ತಾರೆ, ಬಿಡು ಎಂದಾಗ ಪೂರ್ತಿ ಬಿಡುವುದಿಲ್ಲ. ಹೃದಯ ಸಡಿಲಾದರೆ ತಾನೇ ಒಳಗೆ ರಕ್ತ ತುಂಬುವುದು?"

ನನಗೆ ಆಗ ಅರ್ಥವಾಯಿತು. ನಾನು ಇಷ್ಟು ದಿನ ಕೂಗುವವನ ಬಾಯಿ ಮುಚ್ಚಿಸಲು ಮನೆಮಂದಿಯನ್ನೆಲ್ಲ ಉಪವಾಸ ಕೆಡವಿದ್ದೆ.

"ಹಾಗಾದ್ರೆ ಆ ಕಿವಿಗೇ ಔಷಧ ಇಲ್ವಾ?" ಎಂದಳು ವೀಣಾ.

ಡಾಕ್ಟರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಸರಿಯಾದ ಪ್ರಶ್ನೆ. ಅದನ್ನೇ ಹುಡುಕುತ್ತಿದ್ದಾರೆ. ಸ್ನಾಯುವಿನ ಆ ಸೂಕ್ಷ್ಮತೆಯನ್ನೇ ತಗ್ಗಿಸಿದರೆ ಕಾಯಿಲೆಯ ಬೇರಿಗೇ ಕೈ ಹಾಕಿದ ಹಾಗೆ. ಸದ್ಯ ಅದೆಲ್ಲ ಇಲಿಗಳ ಮೇಲೆ ನಡೆಯುತ್ತಿದೆ."

"ಇಲಿಯಾಗಿ ಹುಟ್ಟುಕೂ ಪುಣ್ಯ ಬೇಕು" ಎಂದರು ವಿಠೋಬ ಮಾವ.

"ಮನುಷ್ಯರಿಗೆ ಯಾವಾಗ?"

"ಗೊತ್ತಿಲ್ಲ. ಗೊತ್ತಿದೆ ಎಂದರೆ ಸುಳ್ಳಾಗುತ್ತದೆ. ಈಗ ಇರುವುದು ಹೃದಯದ ಓಟ ನಿಧಾನ ಮಾಡುವ ಗುಳಿಗೆ. ಓಟ ನಿಧಾನವಾದರೆ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಗುಳಿಗೆ ತಪ್ಪಬಾರದು, ಓಡಬಾರದು, ಭಾರ ಎತ್ತಬಾರದು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ತಲೆ ತಿರುಗಿ ಬಿದ್ದರೆ ತಡಮಾಡಬಾರದು. ಹೀಗೆ ಇದ್ದುಕೊಂಡು ಎಷ್ಟೋ ಜನ ಮೊಮ್ಮಕ್ಕಳನ್ನು ಆಡಿಸುತ್ತಾರೆ. ಎಲ್ಲರೂ ಹಾಗೆ ಎಂದು ಬರೆದು ಕೊಡಲಾರೆ."

 ಅಣ್ಣ ಕೂತಿರುವಾಗಲೇ ವೀಣಾ, "ಮಕ್ಕಳಿಗೆ?" ಎಂದಳು.

"ಬರಬಹುದು, ಬರದೇ ಇರಬಹುದು. ಅರ್ಧಕ್ಕರ್ಧ. ಬಂದರೂ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಇವರ ಚಿಕ್ಕಪ್ಪನಿಗೆ ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿರುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ದೊಡ್ಡದು."

ಅಣ್ಣ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ನಾನು ಏನಾದರೂ ತಮಾಷೆ ಮಾಡಿ ಆ ಮೌನ ಮುರಿಯಬೇಕೆಂದುಕೊಂಡೆ. ಡಾಕ್ಟರೇ ನನಗೆ ಆ ಕಷ್ಟ ತಪ್ಪಿಸಿ, "ವಿಜ್ಞಾನಿಗಳು ಅಂಗಿ ತೆಗೆದು ಮಲಗಲಿ" ಎಂದರು. ಮೊದಲ ಸಲ ಬಂದಾಗ ನಾನು ನೆಗಡಿಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ವೀಣಾಳ ಎದುರು ಹೆದರುವ ಹಾಗಿರಲಿಲ್ಲ. ಪರದೆಯ ಮೇಲೆ ನನ್ನ ಹೃದಯ ಹೊಸ ನೀರಿಗೆ ಬಿದ್ದ ಕಪ್ಪೆಯಂತೆ ಬಡಿದುಕೊಳ್ಳುತ್ತಿತ್ತು. ಡಾಕ್ಟರು ಸದ್ಯಕ್ಕೆ ಸರಿಯಿದೆ, ಕೆಲವು ವರ್ಷ ಬಿಟ್ಟು ಮತ್ತೆ ಬಾ, ಅಪ್ಪನನ್ನೂ ಕರೆದುಕೊಂಡು ಬಾ ಎಂದರು. "ತಲೆದು ನೋಡುದು ಯಾವ ವಿಭಾಗದಲ್ಲಿ?" ಎಂದು ಮಾವ ಹೊರಗೆ ಕಂಪೌಂಡರನ್ನು ವಿಚಾರಿಸಿದರು.

ಅಣ್ಣ ತಿಂಗಳಿಗಾಗುವಷ್ಟು ಗುಳಿಗೆ ಕೊಂಡು ಕೈಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ಕಾರವಾರದ ಬಸ್ಸು ಹಿಡಿದೆವು. ವೀಣಾ ಏನೂ ಹೇಳಲಿಲ್ಲ. ಕುಂದಾಪುರ ದಾಟಿತು, ಭಟ್ಕಳ ದಾಟಿತು, ಏನೂ ಹೇಳಲಿಲ್ಲ. ಅಣ್ಣನೂ ಕೇಳಲಿಲ್ಲ. ಮಧ್ಯದಲ್ಲಿ ಕೂತ ನನಗೆ ಎರಡೂ ಕಡೆಯ ಮೌನ ತಾಗಿ ಜ್ವರ ಬಂದ ಹಾಗಾಯಿತು. ಹೆಂಗಸರ ಮನಸ್ಸಿನ ಬಗ್ಗೆ ನನಗೆ ಗೊತ್ತಿದ್ದದ್ದು ಕ್ಯಾಲ್ಸಿಯಂ ಬಗ್ಗೆ ಗೊತ್ತಿದ್ದಷ್ಟೇ. ಈ ಸಲ ಯಾವ ತೀರ್ಮಾನವನ್ನೂ ಕೊಡದೆ ಬಾಯಿ ಮುಚ್ಚಿಕೊಂಡೆ. ವಿಠೋಬ ಮಾವ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಅಂಕೋಲೆ ಮುಟ್ಟುವಾಗ ಸಂಜೆ ಬೆಳಕು ಇನ್ನೂ ಇತ್ತು, ಮಳೆ ಸಣ್ಣಗೆ ಹನಿಯುತ್ತಿತ್ತು. ನಾವಿಬ್ಬರು ಇಳಿಯಬೇಕು, ಅವರಿಬ್ಬರು ಮುಂದೆ ಹೋಗಬೇಕು. ಅಣ್ಣ "ಬತ್ತೆ" ಎಂದ. ವೀಣಾ ತಲೆಯಾಡಿಸಿದಳು, ಅಷ್ಟೇ. ಇಳಿದೆವು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಆಗ ನನ್ನ ಎರಡೂ ಕೈ ಖಾಲಿ ಇರುವುದು ಅಣ್ಣನ ಕಣ್ಣಿಗೆ ಬಿತ್ತು.

"ಗುಳಿಗೆ ಎಲ್ಲದೆಯೋ?"

ಸೀಟಿನ ಮೇಲೆಯೇ ಬಿಟ್ಟು ಬಂದಿದ್ದೆ. ನಾನು ಅದನ್ನು ಹೇಳಿ ಮುಗಿಸುವುದರೊಳಗೆ ಅಣ್ಣ ಬಸ್ಸಿನ ಹಿಂದೆ ಓಡಿದ್ದ. ಕಂಪನಿ ಬಸ್ಸಿನ ಹಿಂದೆ ಓಡಿ ಓಡಿ ಅವನಿಗೆ ಅಭ್ಯಾಸ. ನಾನು ಅವನ ಹಿಂದೆ ಓಡಿದೆ, ಚಪ್ಪಲಿ ಕೆಸರಲ್ಲಿ ಸಿಕ್ಕಿ ಬೋರಲಾಗಿ ಬಿದ್ದೆ. ಬಿದ್ದಲ್ಲಿಂದಲೇ ನೋಡಿದೆ. ಕಿಟಕಿಯಿಂದ ಒಂದು ಕೈ ಹೊರಬಂದು ಬಸ್ಸಿನ ತಗಡನ್ನು ಧಡಧಡ ಬಡಿಯುತ್ತಿತ್ತು. ಬಸ್ಸು ಮುಗ್ಗರಿಸಿ ನಿಂತಿತು. ವೀಣಾ ಕೈಚೀಲ ಹಿಡಿದು ಕೆಳಗಿಳಿದಳು. ಕೊಡೆ ಕೂಡ ಬಿಚ್ಚದೆ, ಮಳೆಯಲ್ಲಿ ನೇರ ನಡೆದು ಬಂದು ಅಣ್ಣನ ಎದುರು ನಿಂತಳು.

"ಓಡ್ಬಾರ್ದು ಅಂತ ಬೆಳಿಗ್ಗೆ ಅಷ್ಟು ಹೇಳಿದ್ರಲ್ಲ. ನಾ ಕೇಳ್ಕಂಡೆ. ನೀವು ಕೇಳ್ಕಳಲಿಲ್ವಾ?"

ಅಣ್ಣ ಉಸಿರು ಹುಡುಕುತ್ತ ನಿಂತಿದ್ದ. ಅವಳು ಅವನ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿದಳು. ಇಡೀ ಅಂಕೋಲೆ ನೋಡುತ್ತಿತ್ತು. ಅವಳಿಗೆ ಅದರ ಪರಿವೆ ಇದ್ದಂತೆ ಕಾಣಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಬರುತ್ತೀರೋ ಇಲ್ಲವೋ ಎಂದು ಕೂಗಿದ. ನಿದ್ದೆಗಣ್ಣಿನ ವಿಠೋಬ ಮಾವ ಕಿಟಕಿಯಿಂದ ತಲೆ ಹಾಕಿ, "ವೀಣಾ, ಬಸ್ಸು ಬಿಡ್ತದೆ" ಎಂದರು.

"ನೀವು ಹೋಗಿ ಮಾವ" ಎಂದಳು. "ಮನೇಲಿ 'ಮದಿಗೆ ದಿನ ನೋಡಿ' ಅಂತ ಅಪ್ಪಂಗೆ ಹೇಳಿ. ನಾ ಇವ್ರನ್ನ ರಿಕ್ಷಾ ತನಕ ಮೆಲ್ಲಗೆ ನಡೆಸ್ಕಂಡು ಹೋಗಿ ಬಿಟ್ಟು, ಮುಂದಿನ ಬಸ್ಸಿಗೆ ಬತ್ತೆ."